ಕೂಸಿನ ಕಾಗದದಲ್ಲಿ ಗಂಡೋ ಹೆಣ್ಣೋ: ಯಾವುದಕ್ಕೆ ಅವಸರ, ಯಾವುದಕ್ಕಿಲ್ಲ

ಪ್ರಶ್ನೆ: “ನಾವು ಜಮಖಂಡಿ ತಾಲೂಕಿನವರು. ಮಗಳ ಹೆರಿಗಿ ಆಗಿ ಇವತ್ತಿಗೆ ಒಂಬತ್ತು ದಿವಸ ಆತು. ಹುಟ್ಟಿದ ಕೂಡ್ಲೆ ಸಿಸ್ಟರ್ ಗಂಡು ಅಂದ್ರು, ಪೇಢೇನೂ ಹಂಚಿದ್ವಿ. ಮರುದಿವಸ ಡಾಕ್ಟರ್ ನೋಡಿ, ಬೀಜ ಎರಡೂ ಕೈಗೆ ಸಿಗವಲ್ಲವು, ಉಚ್ಚಿ ತುದಿಯಿಂದ ಬರವಲ್ದು, ಬುಡದಿಂದ ಬರಾಕತ್ತೈತಿ, ದೊಡ್ಡ ದವಾಖಾನಿಗೆ ತೋರಸ್ರಿ ಅಂದ್ರು. ಡಿಸ್ಚಾರ್ಜ್ ಕಾರ್ಡಿನ್ಯಾಗ ಗಂಡು ಅಂತನ ಐತಿ. ಅಳಿಯ ನನ್ನ ತಂಗಿ ಮಗಾನ, ಸೋದರಿಕಿ ಸಂಬಂಧ. ಮೊದಲನೇ ಕೂಸು ಗಂಡಿತ್ತು, ಹದಿನೆಂಟನೇ ದಿವಸಕ್ಕ ವಾಂತಿ ಆಗಿ ಹೋತು. ಈಗ 21 ದಿನದಾಗ ಜನನ ಬರಸಬೇಕು ಅಂತಾರ. ಏನಂತ ಬರಸೂದ್ರಿ? ಖಾಲಿ ಬಿಡಾಕ ಬರತೈತೇನು? ಒಮ್ಮೆ ಬರಸಿದ್ರ ತಿದ್ದಾಕ ಬರಂಗಿಲ್ಲ ಅಂತಾರ, ಖರೇನ? ಊರಾಗ ಕೆಲವರು ಗ್ರಹಣ ಅಂತಾರ, ಕೆಲವರು ಯಲ್ಲಮ್ಮ ಕರದಾಳ ಅಂತಾರ. ಅಮೆರಿಕಾದಾಗ ಈ ಕಾಲಮ್ಮ ತಗದ ಬಿಟ್ಟಾರಂತ ತಮ್ಮನ ಮಗ ಮೊಬೈಲ್‌ನ್ಯಾಗ ತೋರಿಸಿದ. ನಮ್ಮಲ್ಲಿ ಯಾಕ ಬೇಕ್ರಿ ಅದು?”

(ಉತ್ತರದ ಮೊದಲ ಭಾಗವನ್ನು ಪತ್ರ ಬಂದ ದಿನವೇ ಈ ಹಿರಿಯರಿಗೆ ತಿಳಿಸಲಾಗಿದೆ. ಉಳಿದವರಿಗೂ ಉಪಯೋಗವಾಗಲೆಂದು ಪೂರ್ತಿ ಇಲ್ಲಿದೆ.)

ಉತ್ತರ: ನೀವು ಕೇಳಿದ್ದು ಕಾಗದದ ಬಗ್ಗೆ. ಆದರೆ ಪತ್ರದ ನಡುವೆ, ಅಷ್ಟೇನೂ ಒತ್ತು ಕೊಡದೆ, ನೀವು ಬರೆದ ಮೂರು ಮಾತುಗಳೇ ಮೊದಲು ಕಣ್ಣಿಗೆ ಬಿದ್ದವು. ಬೀಜ ಎರಡೂ ಕೈಗೆ ಸಿಗುತ್ತಿಲ್ಲ. ತಂದೆ ತಾಯಿ ಸೋದರಿಕೆಯವರು. ಮೊದಲನೇ ಕೂಸು ಹದಿನೆಂಟನೇ ದಿನಕ್ಕೆ ವಾಂತಿಯಾಗಿ ತೀರಿಕೊಂಡಿದೆ. ಈ ಮೂರೂ ಒಂದೇ ಮನೆಯಲ್ಲಿ ಕೂಡಿಬಂದಾಗ ಜನನ ನೋಂದಣಿ ಎರಡನೇ ಕೆಲಸ. ಮೊದಲನೇ ಕೆಲಸ, ಇವತ್ತೇ ಕೂಸಿನ ರಕ್ತದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ನೋಡಿಸುವುದು. ನಾಳೆ ಅಮಾವಾಸ್ಯೆ, ನಾಡಿದ್ದು ಬಾಣಂತಿಯ ನೀರು ಎಂದು ದಿನ ಮುಂದೂಡಬೇಡಿ.

ಕಾರಣ ಇದು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯ ಹಾಗೆ ಕುಳಿತಿರುವ ಸಣ್ಣ ಗ್ರಂಥಿಗೆ ಅಡ್ರಿನಲ್ ಎನ್ನುತ್ತಾರೆ. ಮೈಯಲ್ಲಿ ಉಪ್ಪನ್ನು ಹಿಡಿದಿಡುವ ಹಾರ್ಮೋನು, ಜಡ್ಡು ಬಂದಾಗ ಮೈಯನ್ನು ತಡೆದು ನಿಲ್ಲಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು, ಎರಡೂ ಅಲ್ಲಿಯೇ ತಯಾರಾಗುತ್ತವೆ. ಕೆಲವು ಮಕ್ಕಳಲ್ಲಿ ಇದಕ್ಕೆ ಬೇಕಾದ ಒಂದು ಕಿಣ್ವವೇ ಹುಟ್ಟಿನಿಂದ ಇರುವುದಿಲ್ಲ. ನಿಮ್ಮ ಕಡೆ ಕಾಲುವೆಯ ಗೇಟು ಬಿದ್ದಾಗ ನೀರು ಹಿಂದಕ್ಕೆ ತುಂಬಿ ಪಕ್ಕದ ಹೊಲಕ್ಕೆ ನುಗ್ಗುತ್ತದಲ್ಲ, ಹಾಗೆ, ಆ ಹಾರ್ಮೋನುಗಳಾಗಬೇಕಿದ್ದ ಕಚ್ಚಾ ಸರಕೆಲ್ಲ ಗಂಡು ಹಾರ್ಮೋನಾಗಿ ಹರಿಯುತ್ತದೆ. ಹೊಟ್ಟೆಯಲ್ಲಿರುವುದು ಹೆಣ್ಣು ಕೂಸಾಗಿದ್ದರೆ, ಗರ್ಭಕೋಶ, ಅಂಡಾಶಯ ಎಲ್ಲ ಒಳಗೆ ಸರಿಯಾಗಿಯೇ ಇದ್ದು ಹೊರಗಿನ ಭಾಗ ಮಾತ್ರ ಗಂಡಿನಂತೆ ಬೆಳೆದಿರುತ್ತದೆ. ಚೀಲ ಇದ್ದಂತೆ ಕಾಣುತ್ತದೆ, ಒಳಗೆ ಬೀಜ ಇರುವುದಿಲ್ಲ. ಮೂತ್ರ ಬುಡದಿಂದ ಬರುತ್ತದೆ. ಕೆಲವೊಮ್ಮೆ ಆ ಭಾಗದ ಚರ್ಮ ಮೈಬಣ್ಣಕ್ಕಿಂತ ಕಪ್ಪಾಗಿರುತ್ತದೆ. ಈ ಜಡ್ಡಿನ ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ. ಆಸ್ಪತ್ರೆಯಲ್ಲಿ ಚಿಕ್ಕದಾಗಿ ಸಿ.ಎ.ಎಚ್. ಎನ್ನುತ್ತಾರೆ.

ಎರಡೂ ಬೀಜ ಕೈಗೆ ಸಿಗದ “ಗಂಡು” ಕೂಸನ್ನು, ಬೇರೆಯದು ಸಾಬೀತಾಗುವ ತನಕ, ಸಿ.ಎ.ಎಚ್. ಇರುವ ಹೆಣ್ಣು ಕೂಸು ಎಂದೇ ನಡೆಸಿಕೊಳ್ಳಬೇಕು. ಮಕ್ಕಳ ವೈದ್ಯರು ಮೊದಲಿಗೆ ಕಲಿಯುವ ಪಾಠಗಳಲ್ಲಿ ಇದೂ ಒಂದು. ಇದೇ ಜಡ್ಡು ಗಂಡು ಕೂಸಿಗೆ ಬಂದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ಚೆಂದನೆಯ ಕೂಸು ಎರಡನೇ ವಾರದಲ್ಲಿ ಮೊಲೆ ಬಿಡುತ್ತದೆ, ವಾಂತಿ ಮಾಡುತ್ತದೆ, ಬಾಡುತ್ತದೆ. ಏನಾಯಿತೆಂದು ಯಾರಿಗೂ ತಿಳಿಯುವ ಮೊದಲೇ ಕೈಬಿಡುತ್ತದೆ. ನಿಮ್ಮ ಮೊದಲ ಮೊಮ್ಮಗನಿಗೆ ಇದೇ ಆಗಿತ್ತೆಂದು ಇಲ್ಲಿ ಕೂತು ಹೇಳಲಾಗದು. ಆದರೆ ಕೂಸನ್ನು ತೋರಿಸುವಾಗ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು ಅದೇ.

ಉಪ್ಪು ಸೋರಿಹೋಗುವ ಈ ಅಪಾಯ ಸಾಮಾನ್ಯವಾಗಿ ಒಂದನೇ ವಾರದ ಕೊನೆಯಿಂದ ಮೂರನೇ ವಾರದೊಳಗೆ ಎರಗುತ್ತದೆ. ನಿಮ್ಮ ಕೂಸು ಈಗ ಸರಿಯಾಗಿ ಆ ಹೊತ್ತಿನಲ್ಲೇ ಇದೆ. ಹುಟ್ಟಿದ ಕೂಸಿನ ತೂಕ ಮೊದಲ ದಿನಗಳಲ್ಲಿ ಕಡಿಮೆಯಾಗುವುದು ಸಹಜ. ಹತ್ತರಿಂದ ಹದಿನಾಲ್ಕು ದಿನದೊಳಗೆ ಅದು ಹುಟ್ಟುತೂಕಕ್ಕೆ ಮರಳಬೇಕು. ಮರಳದೆ ಇಳಿಯುತ್ತಲೇ ಇದ್ದರೆ, ಕೂಸು ಮಬ್ಬಾಗಿ ಮಲಗಿದ್ದರೆ, ನೆತ್ತಿ ಒಳಗೆ ಹೋಗಿದ್ದರೆ, ಕೈಕಾಲು ತಣ್ಣಗಿದ್ದರೆ, 108ಕ್ಕೆ ಕರೆ ಮಾಡಿ ಹೊರಡಿ. ಇಲ್ಲೊಂದು ಮೋಸವಿದೆ. ಇಂಥ ಕೂಸು ಮೈಯಲ್ಲಿ ನೀರಿಲ್ಲದೆ ಒಣಗುತ್ತಿದ್ದರೂ ಮೂತ್ರ ಮಾತ್ರ ಆಗುತ್ತಿರಬಹುದು. “ಉಚ್ಚಿ ಹೊಯ್ಯಾಕತ್ತೈತಿ, ಏನೂ ಆಗಿಲ್ಲ” ಎಂದು ಸಮಾಧಾನಪಟ್ಟುಕೊಳ್ಳಬೇಡಿ. ವಾಂತಿ ನಿಲ್ಲಲೆಂದು ಬಜಿ, ಘುಟ್ಟಿ ಅರೆದು ಹಾಕುತ್ತ ಕೂಡುವುದೂ ಬೇಡ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ನಿಮಗೆ ಯಾವುದು ಬೇಗ ಮುಟ್ಟುತ್ತದೋ ಅಲ್ಲಿಗೆ ಹೋಗಿ. ಸೋಡಿಯಂ, ಪೊಟ್ಯಾಸಿಯಂ ಫಲಿತಾಂಶ ಕೆಲವೇ ತಾಸಿನಲ್ಲಿ ಬರುತ್ತದೆ. ಸೋಡಿಯಂ 135ರಿಂದ 145ರೊಳಗೆ ಇರಬೇಕು. ಅದು 130ಕ್ಕಿಂತ ಕೆಳಗಿಳಿದು ಪೊಟ್ಯಾಸಿಯಂ 6ನ್ನು ದಾಟಿದ್ದರೆ ತಡಮಾಡುವ ಪ್ರಶ್ನೆಯೇ ಇಲ್ಲ. ರಕ್ತವನ್ನು ರಕ್ತನಾಳದಿಂದ ತೆಗೆಯಲಿ. ಹಿಮ್ಮಡ ಚುಚ್ಚಿ ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳೇ ಹೆಚ್ಚು ತೋರಿಸುತ್ತದೆ, ಆಮೇಲೆ “ಮಾದರಿ ಕೆಟ್ಟಿರಬೇಕು” ಎಂದು ನಿಜವಾದ ಅಪಾಯವನ್ನೂ ತಳ್ಳಿಹಾಕುವಂತಾಗುತ್ತದೆ. ಜಡ್ಡನ್ನು ಖಚಿತಪಡಿಸುವ ಪರೀಕ್ಷೆ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್. ಹುಟ್ಟಿ 48 ತಾಸಿನೊಳಗೆ ಮಾಡಿಸಿದರೆ ಆರೋಗ್ಯವಂತ ಕೂಸಿನಲ್ಲೂ ಅದು ಹೆಚ್ಚು ಬರುತ್ತದೆ. ನಿಮಗೆ ಆ ತೊಡಕಿಲ್ಲ, ಒಂಬತ್ತು ದಿನವಾಗಿದೆ. ಇದರ ರಕ್ತವನ್ನು ಔಷಧ ಶುರುಮಾಡುವ ಮೊದಲೇ ತೆಗೆದಿಡಬೇಕು. ಆದರೆ ಕೂಸು ಬಾಡಿದ್ದರೆ ಫಲಿತಾಂಶಕ್ಕೆ ಕಾಯದೆ ಗ್ಲೂಕೋಸ್ ಸಹಿತ ಸಲೈನ್ ಹಚ್ಚಿ, ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಹಾಕುತ್ತಾರೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಇದೆಯೋ ಇಲ್ಲವೋ ಅದೇ ದಿನ ಕಾಣುತ್ತದೆ. ವರ್ಣತಂತುಗಳ ಪರೀಕ್ಷೆ, ಅಂದರೆ ಕ್ಯಾರಿಯೋಟೈಪ್, ಬರಲು ಒಂದರಿಂದ ಮೂರು ವಾರ ಹಿಡಿಯುತ್ತದೆ.

ಸಿ.ಎ.ಎಚ್. ಎಂದು ತೀರ್ಮಾನವಾದರೆ ಹೆದರಬೇಡಿ. ಇದು ಜೀವನಪೂರ್ತಿ ಗುಳಿಗೆ ಬೇಡುವ ಜಡ್ಡು, ಆದರೆ ಗುಳಿಗೆಗೆ ಚೆನ್ನಾಗಿ ಬಗ್ಗುವ ಜಡ್ಡು. ಎಳೆಗೂಸಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ ಸುಮಾರು 2ರಿಂದ 3 ಮಿಲಿಗ್ರಾಂ, ಮೂರು ಸಲಕ್ಕೆ ಹಂಚಿ. ಅಂಗಡಿಯಲ್ಲಿ ಸಿಗುವ ಗುಳಿಗೆ 5 ಅಥವಾ 10 ಮಿಲಿಗ್ರಾಂನದು. ಎಡವಟ್ಟಾಗುವುದು ಇಲ್ಲಿಯೇ. ಗುಳಿಗೆಯನ್ನು ಬಟ್ಟಲು ನೀರಿನಲ್ಲಿ ಕದಡಿ ಮೂರು ಹೊತ್ತು ಅದರಲ್ಲೇ ಕುಡಿಸುತ್ತಾರೆ. ಈ ಔಷಧ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಕೂಡುತ್ತದೆ. ಮುಂಜಾನೆ ಕೂಸಿಗೆ ಬರಿ ನೀರು, ರಾತ್ರಿಗೆ ಮೂರರಷ್ಟು ಔಷಧ. ಅದರ ಬದಲು ಪುಡಿಮಾಡಿಸಿ ಒಂದೊಂದು ಹೊತ್ತಿನದನ್ನು ಒಂದೊಂದು ಪೊಟ್ಟಣ ಕಟ್ಟಿಸಿ, ಕೊಡುವ ಗಳಿಗೆಯಲ್ಲಿ ಒಂದು ಚಮಚ ತಾಯಿಹಾಲಿಗೆ ಬೆರೆಸಿ ಹಾಕಿ. ಜೊತೆಗೆ ಉಪ್ಪು ಹಿಡಿದಿಡುವ ಹಾರ್ಮೋನಿನ ಬದಲಿಗೆ ಫ್ಲುಡ್ರೋಕಾರ್ಟಿಸೋನ್ ಎಂಬ ಇನ್ನೊಂದು ಗುಳಿಗೆ, ಮತ್ತು ಮೊದಲ ವರ್ಷ ದಿನಕ್ಕೆ 1ರಿಂದ 2 ಗ್ರಾಂ ಅಡುಗೆ ಉಪ್ಪು. ಸಣ್ಣ ಚಮಚದ ಕಾಲುಭಾಗ ಉಪ್ಪು ಸುಮಾರು ಒಂದೂವರೆ ಗ್ರಾಂ ಆಗುತ್ತದೆ. ಇದನ್ನೂ ವೈದ್ಯರು ಅಳತೆ ಹೇಳಿದ ಮೇಲೆಯೇ ಕೊಡಿ, ಮನೆಯಲ್ಲಿ ತಾವೇ ಶುರುಮಾಡಬೇಡಿ. ಜ್ವರ ಬಂದ ದಿನ ಹೈಡ್ರೋಕಾರ್ಟಿಸೋನ್ ಎರಡು ಮೂರು ಪಟ್ಟು ಏರಿಸಬೇಕಾಗುತ್ತದೆ, ನಿಲ್ಲಿಸುವುದಂತೂ ಯಾವತ್ತೂ ಇಲ್ಲ. ಹೀಗೆ ಬೆಳೆದ ಹೆಣ್ಣುಮಕ್ಕಳು ಮುಟ್ಟಾಗುತ್ತಾರೆ. ಮಕ್ಕಳಾಗುವ ಸಾಧ್ಯತೆಯೂ ಇದೆ.

ಸಿ.ಎ.ಎಚ್. ಅಲ್ಲದೆಯೂ ಇರಬಹುದು. ವರ್ಣತಂತು ಗಂಡಿನದಿದ್ದು, ಬೀಜ ಹೊಟ್ಟೆಯಲ್ಲೇ ಉಳಿದು, ಗಂಡು ಹಾರ್ಮೋನು ಸಾಲದೆ ಅಥವಾ ಮೈಗೆ ಹತ್ತದೆ ಹೀಗಾದ ಮಕ್ಕಳೂ ಇದ್ದಾರೆ. ಹುಟ್ಟಿದ ಕೂಡಲೇ ನೋಡಿ ಗಂಡೋ ಹೆಣ್ಣೋ ಹೇಳಲಾಗದ ಕೂಸು ಅಂದಾಜು 4,500ರಿಂದ 5,000 ಹೆರಿಗೆಗೆ ಒಂದು. ನಿಮ್ಮ ಮನೆಗೇ ಬಂದ ವಿಚಿತ್ರವೇನೂ ಇದಲ್ಲ.

ಊರವರ ಮಾತು

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಸುರಿಯ ಆರನೇ ಏಳನೇ ವಾರದ ತನಕ ಎಲ್ಲ ಕೂಸುಗಳ ಅಂಗವೂ ಒಂದೇ ತೆರನಾಗಿರುತ್ತದೆ. ಗಂಡು ಹೆಣ್ಣಿನ ದಾರಿ ಕವಲೊಡೆಯುವುದು ಆಮೇಲೆ, ಹಾರ್ಮೋನಿನ ಕೈಯಿಂದ. ಸೋದರಿಕೆಗೆ ಮಾತ್ರ ಸಂಬಂಧವಿದೆ. ಸಿ.ಎ.ಎಚ್.ನ ದೋಷ ತಂದೆ ತಾಯಿ ಇಬ್ಬರಿಂದಲೂ ಬರಬೇಕು, ಒಂದೇ ಮನೆತನದ ಇಬ್ಬರಲ್ಲಿ ಅದೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೀಗೆಂದು ಮಗಳನ್ನೋ ಅಳಿಯನನ್ನೋ ಬಯ್ಯುವ ಮಾತಿಲ್ಲ, ದೋಷ ಇಬ್ಬರ ಕಡೆಯಿಂದಲೂ ಸಮಪಾಲು.

ಸವದತ್ತಿಯ ಯಲ್ಲಮ್ಮನ ವಿಷಯ. ಗಂಡಾಗಿ ಹುಟ್ಟಿ, ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನಂತೆ ಬದುಕುವ ಜೋಗಪ್ಪನವರು ತಮ್ಮ ನಡೆಯನ್ನು ಕಂಡುಕೊಳ್ಳುವುದು ಬೆಳೆದ ಮೇಲೆ, ತಮ್ಮ ಒಳಗಿನ ಭಾವದಿಂದ. ಅದಕ್ಕೂ ಒಂಬತ್ತು ದಿನದ ಕೂಸಿನ ಅಡ್ರಿನಲ್ ಗ್ರಂಥಿಗೂ ನಂಟಿಲ್ಲ. ಗುಡ್ಡಕ್ಕೆ ಹರಕೆ ಹೊರುವುದು ನಿಮಗೆ ಬಿಟ್ಟದ್ದು, ಆದರೆ ರಕ್ತಪರೀಕ್ಷೆ ಆದ ಮೇಲೆ. “ಇಂಥ ಕೂಸನ್ನು ಅವರು ಬಂದು ಒಯ್ಯುತ್ತಾರೆ” ಎಂದು ಹೆದರಿಸುವವರಿಗೂ ಉತ್ತರವಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ, ಇಂಥ ಕಾರಣಕ್ಕೆ ಮಗುವನ್ನು ತಂದೆ ತಾಯಿಯಿಂದ ಅಗಲಿಸಕೂಡದು ಎಂದೇ ಹೇಳುತ್ತದೆ. ಅದಕ್ಕೆ ನ್ಯಾಯಾಲಯದ ಆದೇಶವೇ ಬೇಕು.

ಹಾಗಾದರೆ ಏನಂತ ಬರೆಸುವುದು

ಮೊದಲು ಒಂದು ತಪ್ಪು ತಿಳಿವಳಿಕೆ. ದವಾಖಾನೆಯಲ್ಲಿ ಹುಟ್ಟಿದ ಕೂಸಿನ ಜನನವನ್ನು ವರದಿ ಮಾಡಬೇಕಾದವರು ನೀವಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಆ ಹೊಣೆಯನ್ನು ದವಾಖಾನೆಯ ಮುಖ್ಯಸ್ಥರ ಮೇಲೆ ಹಾಕಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ “ಗಂಡು” ಎಂದಿರುವುದು ಹೆರಿಗೆ ಕೋಣೆಯ ರಿಜಿಸ್ಟರಿನಿಂದ ಬಂದದ್ದು, ಅಲ್ಲಿಂದಲೇ ಅದು ಜನನ ವರದಿಯ ನಮೂನೆ 1ಕ್ಕೆ ಇಳಿದು, ಕಂಪ್ಯೂಟರಿಗೆ ಏರುತ್ತದೆ. ನೀವು ನೋಂದಣಿ ಕಚೇರಿಯ ಚಿಂತೆಯಲ್ಲಿದ್ದಾಗ ಆ ಕಡೆ ಅದು ಆಗಲೇ ಏರಿಬಿಟ್ಟಿರಬಹುದು. ಆದ್ದರಿಂದ ನಾಳೆ ನಾಡಿದ್ದರೊಳಗೆ ಮನೆಯಿಂದ ಒಬ್ಬರು ಹೆರಿಗೆಯಾದ ದವಾಖಾನೆಗೆ ಹೋಗಿ, ವರದಿ ಕಳಿಸಿಲ್ಲವಾದರೆ ತಡೆದು ಇಡಲು ಹೇಳಬೇಕು. ಬಾಯಿಮಾತು ಸಾಲದು. ಎರಡನೇ ದಿನ ನೋಡಿದ ವೈದ್ಯರಿಂದ ಒಂದು ಸಾಲಿನ ಚೀಟಿ ಬರೆಸಿಕೊಳ್ಳಿ: “ಮಗುವಿನ ಲಿಂಗ ನಿರ್ಧಾರಕ್ಕೆ ತಪಾಸಣೆ ನಡೆದಿದೆ, ವರದಿ ಬಾಕಿ ಇದೆ.” ತಾರೀಖು, ಸಹಿ, ಮೊಹರು. ಮುಂದೆ ಎಲ್ಲಿ ತಿದ್ದಿಸಬೇಕಾಗಿ ಬಂದರೂ ಈ ಚೀಟಿಗೆ ಬಂಗಾರದ ಬೆಲೆ.

ಇನ್ನು ದಾರಿಗಳು. ಕಾರ್ಡಿನಲ್ಲಿ ಇದ್ದಂತೆ ಗಂಡು ಎಂದೇ ಬರೆಸಿ ಮುಗಿಸುವುದು ಒಂದು. ಕಾಗದ ಬೇಗ ಬರುತ್ತದೆ. ಆದರೆ ನಾಳೆ ಹೆಣ್ಣೆಂದು ತೀರ್ಮಾನವಾದರೆ ತಿದ್ದುಪಡಿಗೆ ಓಡಾಡಬೇಕು, ಅಷ್ಟರೊಳಗೆ ಆಧಾರ್ ಮಾಡಿಸಿದ್ದರೆ ಅದೂ ಬೇರೆ. ಇದಕ್ಕಿಂತ ದೊಡ್ಡ ಹಾನಿ ಮನೆಯಲ್ಲಾಗುತ್ತದೆ. ಸರಕಾರಿ ಕಾಗದದಲ್ಲೇ ಗಂಡು ಎಂದು ಬಂದಮೇಲೆ ಇನ್ಯಾಕೆ ತಪಾಸಣೆ ಎಂದು ಹಿರಿಯರು ಕೈಬಿಡುತ್ತಾರೆ.

ಎರಡನೆಯದು, ವರದಿಗಳಿಗೆ ಕಾಯುವುದು. ನನ್ನ ಸಲಹೆ ಇದೇ. ಸ್ಕ್ಯಾನಿಂಗ್ ಮತ್ತು ಹಾರ್ಮೋನಿನ ಫಲಿತಾಂಶ ಬಂದರೆ ಬಹಳಷ್ಟು ಕೂಸುಗಳಲ್ಲಿ 21 ದಿನದೊಳಗೇ ಉತ್ತರ ಸಿಗುತ್ತದೆ. ಸಿಗದಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. 21 ದಾಟಿ 30 ದಿನದೊಳಗೆ ಅಲ್ಪ ವಿಳಂಬ ಶುಲ್ಕ ಕಟ್ಟಿದರೆ ಆಯಿತು. 30 ದಿನದಿಂದ ಒಂದು ವರ್ಷದ ತನಕ ಜಿಲ್ಲಾ ರಿಜಿಸ್ಟ್ರಾರರ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮಾತ್ರ ಮ್ಯಾಜಿಸ್ಟ್ರೇಟರ ಆದೇಶ, ಅದು ತಲೆನೋವಿನ ಕೆಲಸ. ಹೀಗಾಗಿ 30 ದಿನವನ್ನು ಗಡುವು ಎಂದು ಇಟ್ಟುಕೊಳ್ಳಿ. ಅತಿಯಾಗಿ ತಡಮಾಡಲೂಬಾರದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ತಾರೀಖಿನ ಪುರಾವೆ ಈ ಪ್ರಮಾಣಪತ್ರವೇ.

ಖಾಲಿ ಬಿಡಲು ಬರುತ್ತದೆಯೇ ಎಂದು ಕೇಳಿದ್ದೀರಿ. ಜರ್ಮನಿಯಲ್ಲಿ 2013ರಿಂದ ಹಾಗೆ ಬಿಡಬಹುದು, 2018ರ ಕೊನೆಗೆ ಮೂರನೆಯ ನಮೂದನ್ನೂ ತಂದರು. ಮಾಲ್ಟಾ ದೇಶದಲ್ಲಿ 2015ರ ಕಾನೂನು ಲಿಂಗದ ನಮೂದನ್ನು ಮುಂದಕ್ಕೆ ಹಾಕಲು ತಂದೆ ತಾಯಿಗೆ ಅವಕಾಶ ಕೊಟ್ಟಿದೆ. ನಮ್ಮ ಕಾಯ್ದೆಯಲ್ಲಿ ಅಂಥ ಏರ್ಪಾಡಿಲ್ಲ. ಬದಲಿಗೆ ಗಂಡು, ಹೆಣ್ಣು ಬಿಟ್ಟರೆ ಮೂರನೆಯ ಆಯ್ಕೆಯೊಂದಿದೆ. “ಗೊತ್ತಾಗಿಲ್ಲವಲ್ಲ, ಮೂರನೆಯದೇ ಹಾಕಿ” ಎಂದು ಯಾರಾದರೂ ಹೇಳಿದರೆ ತಡೆಯಿರಿ. ಆ ಆಯ್ಕೆ ಇರುವುದು ಒಂದು ಗುರುತನ್ನು ಸೂಚಿಸಲಿಕ್ಕೆ. “ಪರೀಕ್ಷೆ ಬಾಕಿ” ಎಂಬುದನ್ನು ಸೂಚಿಸಲಿಕ್ಕಲ್ಲ. ತಪಾಸಣೆಯ ನಂತರ ಹೆಚ್ಚಿನ ಮಕ್ಕಳನ್ನು ಹೆಣ್ಣಾಗಿಯೋ ಗಂಡಾಗಿಯೋ ಬೆಳೆಸುವ ತೀರ್ಮಾನಕ್ಕೇ ಬರಲಾಗುತ್ತದೆ. ಹೆಣ್ಣೆಂದಾದರೆ ಭಾಗ್ಯಲಕ್ಷ್ಮಿ, ಸುಕನ್ಯಾ ಸಮೃದ್ಧಿ ಖಾತೆಗಳಿಗೆ ಪ್ರಮಾಣಪತ್ರದಲ್ಲಿ ಹೆಣ್ಣು ಎಂದೇ ಇರಬೇಕು, ಇಲ್ಲದಿದ್ದರೆ ಅರ್ಜಿ ಹಿಂದೆ ಬರುತ್ತದೆ.

ಹೆಸರಿಗೆ ಅವಸರವೇ ಇಲ್ಲ. ಹೆಸರಿಲ್ಲದೆ ಜನನ ನೋಂದಾಯಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದ ತನಕ ಶುಲ್ಕ ಕಟ್ಟಿ ಸೇರಿಸಬಹುದು. ತೊಟ್ಟಿಲ ಕಾರ್ಯ ನಿಲ್ಲಿಸಲಾಗದಿದ್ದರೆ ಕಿರಣ, ಜ್ಯೋತಿ, ಶಶಿ, ಚೇತನ ಇಂಥ ಎರಡಕ್ಕೂ ಸಲ್ಲುವ ಹೆಸರು ಕರೆಯಿರಿ. ನೆರೆಯವರು ಕೇಳಿದರೆ “ಕೂಸಿಗೆ ತಪಾಸಣಿ ನಡದೈತಿ” ಎಂದರೆ ಸಾಕು. ಒಂದು ವಿಷಯದಲ್ಲಿ ನಮ್ಮ ಭಾಷೆಯೇ ನಿಮ್ಮ ಪರ ಇದೆ. ಕೂಸು ಅಳತೈತಿ, ಕೂಸು ನಗತೈತಿ. ಕನ್ನಡದ ಕೂಸು ಇನ್ನೂ ಅವನೂ ಅಲ್ಲ ಅವಳೂ ಅಲ್ಲ, ಕೆಲವು ತಿಂಗಳು ಹಾಗೇ ನಡೆಯುತ್ತದೆ. ಲಿಂಗಾಯತರ ಮನೆಯಲ್ಲಿ ಹುಟ್ಟಿದ ಕೂಸಿಗೆ ಅಯ್ಯನವರು ಇಷ್ಟಲಿಂಗ ಕಟ್ಟುವಾಗಲೂ ಗಂಡಿಗೊಂದು ಹೆಣ್ಣಿಗೊಂದು ಎಂಬ ಭೇದವಿಲ್ಲ.

ಒಮ್ಮೆ ಬರೆಸಿದರೆ ತಿದ್ದಲು ಬರುವುದಿಲ್ಲವೇ

ಬರುತ್ತದೆ. ಕಾಯ್ದೆಯ 15ನೇ ಕಲಮು ಇರುವುದೇ ಇದಕ್ಕೆ. ಮೂಲ ನಮೂದನ್ನು ಅಳಿಸುವುದಿಲ್ಲ, ಅದರ ಅಂಚಿನಲ್ಲಿ ತಿದ್ದುಪಡಿ ಬರೆದು ರಿಜಿಸ್ಟ್ರಾರರು ಸಹಿ, ತಾರೀಖು ಹಾಕುತ್ತಾರೆ. ಬರೆಯುವಾಗಿನ ಕೈತಪ್ಪಾದರೆ ಕೆಲಸ ಹಗುರ. ನಿಮ್ಮದು ವಿಷಯದ ತಪ್ಪು. ಅದಕ್ಕೆ ಸಂಗತಿ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆ ಬೇಕು, ಜೊತೆಗೆ ದಾಖಲೆ: ಎರಡನೇ ದಿನದ ಚೀಟಿ, ಸ್ಕ್ಯಾನಿಂಗ್ ಮತ್ತು ಕ್ಯಾರಿಯೋಟೈಪ್ ವರದಿ, ಮಗುವನ್ನು ಹೀಗೆಯೇ ದಾಖಲಿಸಬೇಕೆಂದು ತಜ್ಞರು ಕೊಟ್ಟ ಪತ್ರ. ಮೂಲ ಪ್ರತಿಗಳನ್ನು ಕೈಬಿಡಬೇಡಿ, ಝೆರಾಕ್ಸ್ ಕೊಡಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಅನುಕ್ರಮ ತಪ್ಪಿದರೆ ವರ್ಷಗಟ್ಟಲೆ ಅಲೆಯಬೇಕು. ಮೊದಲು ದವಾಖಾನೆಯ ದಾಖಲೆ, ಆಮೇಲೆ ಜನನ ಪ್ರಮಾಣಪತ್ರ, ಆಮೇಲೆ ಆಧಾರ್, ಕೊನೆಗೆ ಶಾಲೆ. ಆಧಾರ್‌ನಲ್ಲಿ ಲಿಂಗವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ, ಆ ಒಂದು ಅವಕಾಶವನ್ನು ಅರ್ಧ ತಪಾಸಣೆಯಲ್ಲಿ ಕಳೆದುಕೊಳ್ಳಬೇಡಿ. ಶಾಲೆಯ ಎಸ್‌ಎಟಿಎಸ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ ಮುಟ್ಟುತ್ತದೆ. ಆಮೇಲೆ ತಿದ್ದಿಸುವುದು ಕಲ್ಲಿನ ಮೇಲಿನ ಬರಹ ತಿದ್ದಿದಂತೆ. ಅಂದಹಾಗೆ, ಪ್ರಮಾಣಪತ್ರದಲ್ಲಿ ಗಂಡು ಹೆಣ್ಣು ಅದಲುಬದಲಾಗುವುದು ಇಂಥ ಅಪರೂಪದ ಕೂಸುಗಳಿಗಿಂತ ಹೆಚ್ಚಾಗಿ ಬರಿ ಟೈಪಿಂಗ್ ತಪ್ಪಿನಿಂದ. ಯಾರ ಮನೆಯಲ್ಲೇ ಹೆರಿಗೆಯಾಗಲಿ, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಆ ಒಂದು ಶಬ್ದವನ್ನು ಓದಿ ನೋಡಿ.

ಮಗು ಬೆಳೆದು, ಬರೆಸಿದ್ದು ತನಗೆ ಒಪ್ಪುವುದಿಲ್ಲ ಎಂದರೆ? ಅದು ತಪ್ಪು ತಿದ್ದುವ ದಾರಿಯಲ್ಲ, ಬೇರೆಯೇ ದಾರಿ. ತನ್ನ ಲಿಂಗತ್ವವನ್ನು ವ್ಯಕ್ತಿ ತಾನೇ ಗುರುತಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. 2019ರ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ಕ್ರಮ ಹಾಕಿತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೀಗೆ ಬದಲಾದವರಿಗೆ ಹಳೆಯ ಹೆಸರು, ಲಿಂಗದ ಜೊತೆಗೆ ಹೊಸದನ್ನೂ ನಮೂದಿಸಿ ಜನನ ಪ್ರಮಾಣಪತ್ರ ಕೊಡಬೇಕೆಂದು ಹೇಳಿದೆ.

ಕತ್ತರಿಯ ವಿಷಯ

“ಒಂದು ಆಪರೇಶನ್ ಮಾಡಿ ಸರಿಮಾಡಿಬಿಡ್ರಿ” ಎಂದು ಮನೆಯವರು ಕೇಳುವುದುಂಟು. ಕಾಗದ ತಿದ್ದಬಹುದು, ಕೊಯ್ದದ್ದನ್ನು ಮರಳಿ ಹಚ್ಚಲಾಗದು. ಮೂತ್ರ ಕಟ್ಟುವಂಥ ತೊಂದರೆ ಇಲ್ಲದಿದ್ದರೆ, ಹೊರರೂಪವನ್ನು ಹೆಣ್ಣಿನಂತೆಯೋ ಗಂಡಿನಂತೆಯೋ ಮಾಡುವ ಶಸ್ತ್ರಚಿಕಿತ್ಸೆಗೆ ಎಳೆವಯಸ್ಸಿನಲ್ಲಿ ಅವಸರವಿಲ್ಲ. ಸ್ಪರ್ಶದ ಅರಿವು ಕುಂದಬಹುದು, ಗಾಯದ ಕಲೆ ಬಿಗಿಯಾಗಿ ಹರೆಯದಲ್ಲಿ ಮತ್ತೆ ಕೊಯ್ಯಬೇಕಾಗಬಹುದು. ಮಗು ತನ್ನನ್ನು ತಾನು ಬೇರೆಯಾಗಿ ಕಂಡುಕೊಂಡರಂತೂ ಹಾನಿ ಸರಿಪಡಿಸಲಾಗದ್ದು. ಮದ್ರಾಸ್ ಹೈಕೋರ್ಟಿನ 2019ರ ತೀರ್ಪಿನ ನಂತರ ತಮಿಳುನಾಡು ಸರಕಾರ, ಜೀವಕ್ಕೆ ಅಪಾಯವಿದ್ದ ಹೊರತು ಇಂಥ ಕೂಸುಗಳ ಮೇಲೆ ಈ ಶಸ್ತ್ರಚಿಕಿತ್ಸೆ ಮಾಡಕೂಡದೆಂದು ಆದೇಶ ಹೊರಡಿಸಿತು. ಖಚಿತವಾಗಿ ಗಂಡೇ ಆಗಿದ್ದು, ಬೀಜ ಇಳಿಯದಿರುವ ಅಥವಾ ಮೂತ್ರದ ದಾರಿ ಕೆಳಗೆ ತೆರೆದಿರುವ ಕೂಸಿನ ಮಾತು ಬೇರೆ. ಅದನ್ನು ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಸರಿಪಡಿಸುತ್ತಾರೆ. ಮುಸ್ಲಿಂ ಮನೆಗಳವರಿಗೆ ಇಲ್ಲೊಂದು ಎಚ್ಚರಿಕೆ: ಮೂತ್ರ ಬುಡದಿಂದ ಬರುವ ಕೂಸಿಗೆ ಸುನ್ನತಿ ಮಾಡಿಸಬೇಡಿ. ಮುಂದೆ ಆ ದಾರಿಯನ್ನು ಕಟ್ಟಲು ಶಸ್ತ್ರವೈದ್ಯರಿಗೆ ಬೇಕಾಗುವುದು ಅದೇ ತೊಗಲು.

ಆ ಕಾಲಮ್ಮಾದರೂ ಯಾಕೆ ಬೇಕು

ತಮ್ಮನ ಮಗ ತೋರಿಸಿದ್ದು ಅರ್ಧ ನಿಜ. ಅಮೆರಿಕದ ವೈದ್ಯರ ಸಂಘ 2021ರಲ್ಲಿ, ಎಲ್ಲರಿಗೂ ಕಾಣುವ ಜನನ ಪ್ರಮಾಣಪತ್ರದಿಂದ ಲಿಂಗವನ್ನು ತೆಗೆಯಬೇಕೆಂಬ ನಿಲುವು ತಳೆಯಿತು. ಅದು ಸಂಘದ ನಿಲುವು, ಕಾನೂನಲ್ಲ. ಮೇಲಾಗಿ, ಆರೋಗ್ಯದ ಲೆಕ್ಕಕ್ಕಾಗಿ ಒಳದಾಖಲೆಯಲ್ಲಿ ಅದು ಇರಲಿ ಎಂದೇ ಅವರೂ ಹೇಳಿದ್ದು. ಆಸ್ಟ್ರೇಲಿಯಾದ ಟಾಸ್ಮೇನಿಯಾ 2019ರಲ್ಲಿ ಪ್ರಮಾಣಪತ್ರದ ಮೇಲೆ ಅದನ್ನು ಐಚ್ಛಿಕ ಮಾಡಿತು.

ನಮ್ಮಲ್ಲಿ ರಿಜಿಸ್ಟರಿನಿಂದಲೇ ಅದನ್ನು ಕಿತ್ತುಹಾಕಬೇಕೆಂದರೆ ನಾನು ಒಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 948 ಹೆಣ್ಣುಮಕ್ಕಳಿದ್ದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಆ ಸರಾಸರಿಗಿಂತ ಕೆಳಗಿದ್ದವು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು, ಆದರೂ ಕದ್ದು ಮಾಡುವವರು ಇದ್ದಾರೆ. ಯಾವ ತಾಲೂಕಿನಲ್ಲಿ ಹೆಣ್ಣು ಕೂಸುಗಳು ಹುಟ್ಟುವ ಮೊದಲೇ ಕಡಿಮೆಯಾಗುತ್ತಿವೆ ಎಂದು ಹತ್ತು ವರ್ಷ ಜನಗಣತಿಗೆ ಕಾಯದೆ ಹೇಳಬಲ್ಲದ್ದು ಜನನ ನೋಂದಣಿಯ ಈ ಒಂದು ಶಬ್ದ ಮಾತ್ರ. ಅದನ್ನು ಅಳಿಸಿದರೆ ಕಳ್ಳತನವಾದ ಮನೆಯ ದೀಪವನ್ನೂ ಆರಿಸಿದಂತೆ.

ಆದರೆ ರಿಜಿಸ್ಟರು ಬೇರೆ, ಶಾಲೆ, ಬ್ಯಾಂಕು, ಕಚೇರಿಯ ಪ್ರತಿ ಕಿಟಕಿಯಲ್ಲೂ ತೋರಿಸುವ ಪ್ರಮಾಣಪತ್ರ ಬೇರೆ. ನಮೂನೆ 1ರಲ್ಲೇ ಕಾನೂನಿನ ಭಾಗ, ಅಂಕಿಅಂಶದ ಭಾಗ ಎಂದು ಎರಡಿವೆ. ಕೂಸಿನ ಹುಟ್ಟುತೂಕ, ಹೆರಿಗೆ ಸಹಜವೋ ಸಿಸೇರಿಯನ್ನೋ, ಮನೆಯ ಧರ್ಮ ಇವೆಲ್ಲ ಎರಡನೇ ಭಾಗಕ್ಕೆ ಹೋಗುತ್ತವೆ, ಯಾರ ಪ್ರಮಾಣಪತ್ರದಲ್ಲೂ ಅಚ್ಚಾಗುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಮರಣ ಪ್ರಮಾಣಪತ್ರ. ಸಾವಿನ ಕಾರಣ ರಿಜಿಸ್ಟರಿನಲ್ಲಿರುತ್ತದೆ, ಆದರೆ ಯಾರಿಗೇ ಕೊಡುವ ಪ್ರತಿಯಲ್ಲೂ ಅದನ್ನು ಕಾಣಿಸಕೂಡದೆಂದು 1969ರ ಕಾಯ್ದೆಯ 17ನೇ ಕಲಮು ತಾಕೀತು ಮಾಡಿದೆ. ಬರೆದಿಟ್ಟುಕೊಂಡೂ ಎಲ್ಲರಿಗೂ ತೋರಿಸದಿರುವ ಪದ್ಧತಿ ಹೊರದೇಶದಿಂದ ಬರಬೇಕಿಲ್ಲ, ನಮ್ಮ ಕಾನೂನಿನಲ್ಲಿ ಐವತ್ತು ವರ್ಷಗಳಿಂದ ಇದೆ. ಜನನ ಪ್ರಮಾಣಪತ್ರದ ಲಿಂಗಕ್ಕೂ ಅದನ್ನೇ ಅನ್ವಯಿಸಿ, ಬೇಕೆಂದವರಿಗೆ ನಮೂದಿಸಿ ಕೊಡುವುದು, ಉಳಿದವರಿಗೆ ಬಿಟ್ಟು ಕೊಡುವುದು ಕಷ್ಟವೇನಲ್ಲ. ಹೆಣ್ಣುಮಕ್ಕಳ ಯೋಜನೆಗೆ ಅರ್ಜಿ ಹಾಕುವವರು ನಮೂದಿರುವ ಪ್ರತಿಯನ್ನೇ ಕೇಳಿ ಪಡೆಯುತ್ತಾರೆ. ಕಾಯ್ದೆ ಬದಲಾಗುವ ತನಕ ಮಾತ್ರ ನಿಮ್ಮ ಕೂಸಿಗೆ ಮೇಲೆ ಹೇಳಿದ ದಾರಿಯೇ ಗತಿ.

ಕೊನೆಗೆ ನಿಮ್ಮ ಮಗಳ ಮುಂದಿನ ಬಸುರಿಯ ಮಾತು. ಈ ಕೂಸಿನದು ಸಿ.ಎ.ಎಚ್. ಎಂದು ಖಚಿತವಾದರೆ, ಮತ್ತೆ ಬಸುರಾಗುವ ಮೊದಲೇ ಕೂಸಿನದೂ ತಂದೆ ತಾಯಿಯದೂ ಜೀನ್ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಮುಂದಿನ ಕೂಸು ಹುಟ್ಟಿದಾಗ, ಹೊರಗೆ ಎಷ್ಟೇ ನೆಟ್ಟಗೆ ಕಾಣಲಿ, 48ರಿಂದ 72 ತಾಸಿನೊಳಗೆ ಹಿಮ್ಮಡದ ಒಂದು ಹನಿ ರಕ್ತವನ್ನು ಕಾಗದಕ್ಕೆ ಒತ್ತಿ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್‌ಗೆ ಕಳಿಸಬೇಕು. ಇದನ್ನು ಬಾಯಲ್ಲಿ ನೆನಪಿಟ್ಟುಕೊಳ್ಳಬೇಡಿ, ಮುಂದಿನ ತಾಯಿ ಕಾರ್ಡಿನ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ.